ಡಿಸ್ಕಿನ ಗುರುತು



ಹಳೇ ಕಂಪ್ಯೂಟರಿನ ಗುಂಡಿ ಒತ್ತಿದಾಗ ಮೊದಲು ಕೇಳಿಸುವುದು ಫ್ಯಾನಿನ ಸದ್ದು. ಅದರ ಬೆನ್ನಿಗೇ ಇನ್ನೊಂದು ಸದ್ದು ಏಳುತ್ತದೆ. ಸಣ್ಣಗೆ ಶುರುವಾಗಿ, ಏರುತ್ತ ಹೋಗಿ, ಒಂದು ಶ್ರುತಿಗೆ ಬಂದು ನಿಲ್ಲುತ್ತದೆ. ಆಮೇಲೆ ಟಿಕ್, ಟಿಕ್, ಟಿರ್ರ್. ಅಷ್ಟು ಕೇಳಿಸಿತೆಂದರೆ ಹಾರ್ಡ್ ಡಿಸ್ಕು ಎದ್ದಿದೆ, ತಿರುಗುತ್ತಿದೆ, ತನ್ನೊಳಗಿನ ಬರಹವನ್ನು ಓದಲು ಅಣಿಯಾಗಿದೆ ಎಂದು ಅರ್ಥ. ಪರದೆ ಬೆಳಗುವ ಮೊದಲೇ ಕಿವಿಗೆ ವಿಷಯ ತಿಳಿದಿರುತ್ತದೆ.

ಕಳೆದ ಮಳೆಗಾಲದಲ್ಲಿ, ಸಾಂತಾಕ್ರೂಜ್ ಪೂರ್ವದ ಕಲೀನಾದ ಒಂದು ಮನೆಯಲ್ಲಿ, ಆ ಎರಡನೆಯ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದೆ. ಫ್ಯಾನು ತಿರುಗಿತು. ಎರಡನೆಯ ಸದ್ದು ಬರಲಿಲ್ಲ.

ಆ ಮನೆಯ ಅಮ್ಮನಿಗೆ ಎಂಬತ್ತರ ಹತ್ತಿರ. ಕುಂದಾಪುರದ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದು ಅರವತ್ತು ವರ್ಷವಾಗುತ್ತ ಬಂದರೂ ಅವರ ಮಾತು ಇನ್ನೂ ಕುಂದಾಪುರದ್ದೇ. ನಾನು ಐವತ್ತು ದಾಟಿದವನು, ಅವರ ಬಾಯಲ್ಲಿ ಇನ್ನೂ ಮಾಣಿ. ಅವರ ಯಜಮಾನರು ಹಗಲು ಒಂದು ಕಚೇರಿಯಲ್ಲಿ ಗುಮಾಸ್ತರು, ರಾತ್ರಿ ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ವಿಷಯ ಇಲ್ಲಿನ ಹಿರಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಕೈ ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅಲ್ಲಿ ಓದಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಲೇಖಕರಾದವರು ಎಷ್ಟೋ ಮಂದಿ. ಮಾಷ್ಟ್ರು ನಿವೃತ್ತರಾದ ಮೇಲೆ ತಮ್ಮ ಹಳೇ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೋಗಿ, ಅವರ ಮಾತು ಕೇಳಿ, ಬರೆದುಕೊಂಡು ಬಂದು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದರು. ಯಾವ ಊರಿಂದ ಬಂದೆ, ಯಾರ ಜತೆ ಬಂದೆ, ಮೊದಲ ರಾತ್ರಿ ಎಲ್ಲಿ ಮಲಗಿದೆ, ಮೊದಲ ಸಂಬಳದಲ್ಲಿ ಮನೆಗೆ ಎಷ್ಟು ಕಳಿಸಿದೆ. ಇಂಥ ಪ್ರಶ್ನೆಗಳು. ಅಚ್ಚಾದದ್ದು ಸ್ವಲ್ಪವೂ ಇಲ್ಲ. ಎಲ್ಲವೂ ಆ ಡಿಸ್ಕಿನಲ್ಲೇ.

ಅವರು ತೀರಿಕೊಂಡು ಒಂಬತ್ತು ವರ್ಷ. ಕಂಪ್ಯೂಟರಿಗೆ ಅಮ್ಮ ಹಳೇ ಸೀರೆಯ ತುಂಡು ಹೊದೆಸಿಟ್ಟಿದ್ದರು. ಪ್ರತಿ ಆಯುಧಪೂಜೆಗೆ ಅದರ ಹಣೆಗೆ ಕುಂಕುಮವಿಟ್ಟು ಒಂದು ಹೂವು ಏರಿಸುತ್ತಿದ್ದರಂತೆ. ಡಬ್ಬದ ಮುಂಭಾಗದಲ್ಲಿ ಒಂಬತ್ತು ವರ್ಷದ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು.

"ಅವ್ರ್ ಬರ್ದದ್ದ್ ಎಲ್ಲ ಇದ್ರೊಳ್ಗೇ ಇತ್ತ್ ಮಾಣಿ. ಹ್ಯಾಂಗಾರೂ ತೆಗ್ದ್ ಕೊಡೂಕ್ ಆತ್ತಾ?" ಎಂದರು.

ಆಗದು ಎನ್ನುವ ಹಕ್ಕು ನನಗಿರಲಿಲ್ಲ. ಆ ಮನೆಯಲ್ಲಿ ಇದಕ್ಕೂ ಮೊದಲು ಇನ್ನೊಂದು ಕಂಪ್ಯೂಟರು ಇತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಗೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾಗಳಿಗೆ ನುಗ್ಗಿತು. ಇವರದು ನೆಲಮಹಡಿ. ಸೊಂಟದ ಮಟ್ಟದ ನೀರಿನಲ್ಲಿ ಅದು ರಾತ್ರಿಯಿಡೀ ಮುಳುಗಿತ್ತು. ನೀರಿಳಿದ ಮೇಲೆ ಮಾಷ್ಟ್ರು ನನ್ನನ್ನು ಕರೆಸಿದರು. ಡಿಸ್ಕನ್ನು ಬಿಚ್ಚಿ ತಾರಸಿಯ ಮೇಲೆ ಒಣಗಲಿಡಿ, ನಾಲ್ಕು ದಿನ ಬಿಟ್ಟು ಹಚ್ಚಿ ನೋಡೋಣ ಎಂದೆ. ಹಚ್ಚಿದೆವು. ಕರ್ರ್ ಎಂದು ಒಂದು ಸದ್ದು ಬಂತು, ಅಷ್ಟೇ. ಅದರಲ್ಲಿದ್ದ ಮೂರು ವರ್ಷದ ಬರಹ ಹೋಯಿತು.

ಆವತ್ತು ನನಗೆ ತಿಳಿದಿರಲಿಲ್ಲ. ಡಿಸ್ಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ, ಇದನ್ನು ಮುಚ್ಚಬೇಡಿ ಎಂದು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ನೆರೆಯ ನೀರು ಒಳಗೆ ಹೋಗುವುದು ಅಲ್ಲಿಂದ. ಒಳಗಿನ ತಟ್ಟೆ ಕನ್ನಡಿಯಂತೆ ನುಣುಪು. ಓದುವ ಮುಳ್ಳು ಅದರ ಮೇಲೆ ಗಾಳಿಯಲ್ಲಿ ತೇಲುತ್ತದೆ. ನಡುವಿನ ಅಂತರ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಕೆಸರುನೀರು ಆರಿ ಒಂದೇ ಒಂದು ಕಣ ಕೂತರೂ ಅದು ಮುಳ್ಳಿನ ಪಾಲಿಗೆ ಬಂಡೆ. ನೀರಿನಲ್ಲಿ ಮುಳುಗಿದ ಡಿಸ್ಕನ್ನು ಬಿಸಿಲಿಗೆ ಇಡಬಾರದು, ಅಕ್ಕಿಯಲ್ಲಿ ಹೂಳಬಾರದು, ಕರೆಂಟಂತೂ ಕೊಡಲೇಬಾರದು. ಒದ್ದೆಯಾಗಿದ್ದ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಡೇಟಾ ತೆಗೆಯುವ ಪ್ರಯೋಗಾಲಯದವರ ಕೈಗೆ ಕೊಡಬೇಕು. ಇದನ್ನು ನಾನು ಆಮೇಲೆ ಓದಿ ಕಲಿತೆ. ಮುಂಬಯಿಯಲ್ಲಿ ನೆಲಮಹಡಿಯಲ್ಲಿರುವವರು ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ಕಂಪ್ಯೂಟರು ಕೊಂಡದ್ದು 2006ರಲ್ಲಿ. ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಟ್ಟ ಯಂತ್ರ. 40 ಗಿಗಾಬೈಟಿನ ಡಿಸ್ಕು, ಅಗಲ ಪಟ್ಟಿಯಂಥ ಕೇಬಲ್ಲು. ಕಳೆದ ಮಳೆಗಾಲದಲ್ಲಿ ನಾನು ಗುಂಡಿ ಒತ್ತಿದ್ದು ಇದಕ್ಕೇ. ಪರದೆಯ ಮೇಲೆ ಮೊದಲು, ನನ್ನ ಲೆಕ್ಕಾಚಾರ ತಪ್ಪಿಹೋಗಿದೆ ಎಂಬರ್ಥದ ಒಂದು ಸಾಲು. ದಿನಾಂಕ 2005ರ ಜನವರಿ 1. ಕೊನೆಗೆ, ಡಿಸ್ಕೇ ಇಲ್ಲ, ಬೇರೆ ಹಾಕು ಎಂಬ ಅಪ್ಪಣೆ. ಒಳಗೆ ನಾಲ್ಕು ತಿರುಪು ಬಿಗಿದುಕೊಂಡು ಕೂತ ಡಿಸ್ಕನ್ನು ಹೊತ್ತ ಯಂತ್ರವೇ ಡಿಸ್ಕಿಲ್ಲ ಎನ್ನುತ್ತಿತ್ತು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಡಿಸ್ಕು ಸತ್ತಿತು ಎಂದು ತೀರ್ಮಾನಿಸುತ್ತಾರೆ. ಅಲ್ಲೇ ತಪ್ಪುವುದು. ಡಿಸ್ಕು ಸಾಯುವುದು ಒಂದು ವಿಷಯ, ಕಂಪ್ಯೂಟರಿಗೆ ಅದರ ಗುರುತು ಸಿಗದಿರುವುದು ಬೇರೆಯೇ ವಿಷಯ. ಎರಡರ ನಡುವೆ ನಾಲ್ಕಾರು ಸಣ್ಣ ಕೊಂಡಿಗಳಿವೆ. ಯಾವ ಕೊಂಡಿ ಕಳಚಿದೆ ಎಂದು ಒಂದೊಂದನ್ನೇ ಮುಟ್ಟಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲವಾದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ.

ದಿನಾಂಕ ತಪ್ಪಿದ್ದರಿಂದ ಮೊದಲ ಕೊಂಡಿ ಬ್ಯಾಟರಿ. ಮದರ್‌ಬೋರ್ಡಿನ ಮೇಲೆ ಎರಡು ರೂಪಾಯಿ ನಾಣ್ಯದಂಥ ಒಂದು ಬಿಲ್ಲೆ ಇರುತ್ತದೆ. ಅದರ ಹೆಸರು ಸಿಆರ್ 2032. ಅಗಲ 20 ಮಿಲಿಮೀಟರ್, ದಪ್ಪ 3.2, ಹೆಸರಿನಲ್ಲೇ ಅಳತೆ ಇದೆ. 3 ವೋಲ್ಟು. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸಿ, ಯಂತ್ರಕ್ಕೆ ಸಂಬಂಧಿಸಿದ ನಾಲ್ಕು ಮಾತು ನೆನಪಿಡುವುದು ಅದರ ಕೆಲಸ. 1990ರ ದಶಕದ ಎಷ್ಟೋ ಯಂತ್ರಗಳಲ್ಲಿ ಈ ಬಿಲ್ಲೆ ಬತ್ತಿದರೆ ಡಿಸ್ಕಿನ ಗುರುತೇ ಅಳಿಸಿಹೋಗುತ್ತಿತ್ತು. ಎಷ್ಟು ಸಿಲಿಂಡರು, ಎಷ್ಟು ಹೆಡ್ಡು, ಎಷ್ಟು ಸೆಕ್ಟರು ಎಂಬ ಮೂರು ಅಂಕಿಗಳನ್ನು ಡಿಸ್ಕಿನ ಬೆನ್ನ ಮೇಲಿನ ಚೀಟಿ ನೋಡಿ ನಾವೇ ಬಯೋಸಿನಲ್ಲಿ, ಅಂದರೆ ಯಂತ್ರ ಎದ್ದೊಡನೆ ಮೊದಲು ಓಡುವ ತಂತ್ರಾಂಶದಲ್ಲಿ, ಮತ್ತೆ ತುಂಬಬೇಕಿತ್ತು. ನಿಮ್ಮ ಮನೆಯಲ್ಲಿ ಅಷ್ಟು ಹಳೆಯ ಯಂತ್ರವಿದ್ದರೆ, ಚೀಟಿ ಮಾಸುವ ಮೊದಲು ಆ ಅಂಕಿಗಳನ್ನು ಬರೆದಿಡಿ. 2006ರ ಹೊತ್ತಿಗೆ ಯಂತ್ರವೇ ಡಿಸ್ಕನ್ನು ಕೇಳಿ ತಿಳಿದುಕೊಳ್ಳುತ್ತಿತ್ತು. ಕುರ್ಲಾ ಸ್ಟೇಷನ್ನಿನ ಹತ್ತಿರ ಗಡಿಯಾರ ರಿಪೇರಿಯವರಲ್ಲಿ ಬಿಲ್ಲೆ ಸಿಕ್ಕಿತು. ಹಾಕಿದೆ. ದಿನಾಂಕ ಸರಿಹೋಯಿತು. ಡಿಸ್ಕು ಮಾತ್ರ ಕಾಣಲಿಲ್ಲ.

ಎರಡನೆಯ ಕೊಂಡಿ ಕರೆಂಟಿನದು. ಡಿಸ್ಕಿನ ಮೇಲೆ ಅಂಗೈ ಇಟ್ಟು ಗುಂಡಿ ಒತ್ತಿದೆ. ತಿರುಗುವ ಡಿಸ್ಕು ಅಂಗೈಗೆ ನಾಡಿಯ ಹಾಗೆ ಸಿಗುತ್ತದೆ. ಇಲ್ಲಿ ಏನೂ ಇಲ್ಲ, ತಣ್ಣಗಿನ ಲೋಹ. ನಾಲ್ಕು ತಂತಿಯ ಬಿಳೀ ಪ್ಲಗ್ಗನ್ನು ಎಳೆದು ದೀಪದಡಿ ಹಿಡಿದರೆ ಒಂದು ಪಿನ್ನಿನ ಕೊಳವೆ ಹಿಂದಕ್ಕೆ ಸರಿದಿತ್ತು, ಸುತ್ತ ಹಸಿರು ಕಿಲುಬು. ಈ ಊರಿನ ಗಾಳಿಯಲ್ಲಿ ಉಪ್ಪಿದೆ, ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಇದೆ. ಒಂಬತ್ತು ಮಳೆಗಾಲ ಸುಮ್ಮನೆ ಕೂತ ಲೋಹಕ್ಕೆ ಕಿಲುಬು ಹಿಡಿಯದೆ ಇನ್ನೇನು! ಕರೆಂಟು ಕೊಡುವ ಅದೇ ಪೆಟ್ಟಿಗೆಯಿಂದ ಬಂದ ಇನ್ನೊಂದು ಪ್ಲಗ್ಗು ಬಳಸದೆ ಉಳಿದಿತ್ತು, ಅದನ್ನು ಚುಚ್ಚಿ ಮತ್ತೆ ಅಂಗೈ ಇಟ್ಟೆ. ಮೊದಲು ಒಂದು ನಡುಕ. ಆಮೇಲೆ ಆ ಸದ್ದು, ಏರುತ್ತ ಹೋಗಿ ಶ್ರುತಿಗೆ ಬಂದು ನಿಂತಿತು. ಅಡುಗೆಮನೆಯಲ್ಲಿದ್ದ ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು. ನಾನು ಏನೂ ಹೇಳಿರಲಿಲ್ಲ. ವರ್ಷಗಟ್ಟಲೆ ದಿನಾ ಬೆಳಗ್ಗೆ ಕೇಳುತ್ತಿದ್ದ ಸದ್ದು ಅವರಿಗೆ ಗುರುತು ಸಿಕ್ಕಿತ್ತು.

ಅವರಿಗೆ ಸಿಕ್ಕ ಗುರುತು ಯಂತ್ರಕ್ಕೆ ಪೂರ್ತಿ ಸಿಗಲಿಲ್ಲ. ಈಗ ಬಯೋಸಿನ ಪಟ್ಟಿಯಲ್ಲಿ ಡಿಸ್ಕಿನ ಜಾಗದಲ್ಲಿ ಏನೋ ಬಂತು. ಬಂದ ಹೆಸರು ವಿಚಿತ್ರ, ಒಂದಕ್ಷರ ಸರಿ, ಮುಂದಿನದು ತಪ್ಪು, ಮತ್ತೆ ಒಂದು ಸರಿ, ಮತ್ತೆ ತಪ್ಪು. ಇದನ್ನು ನೋಡಿ ನನಗೆ ಗೆಲುವಾಯಿತು, ಯಾಕೆಂದರೆ ಈ ತಪ್ಪಿಗೆ ಒಂದು ಲಯವಿತ್ತು. ಡಿಸ್ಕು ತನ್ನ ಹೆಸರನ್ನು ಹದಿನಾರು ತಂತಿಗಳ ಮೇಲೆ, ಒಂದು ಸಲಕ್ಕೆ ಎರಡೆರಡು ಅಕ್ಷರದಂತೆ ಕಳಿಸುತ್ತದೆ. ಎಂಟು ತಂತಿ ಒಂದಕ್ಷರಕ್ಕೆ, ಇನ್ನೆಂಟು ಮತ್ತೊಂದಕ್ಕೆ. ಹದಿನಾರರಲ್ಲಿ ಒಂದೇ ಒಂದು ತಂತಿಗೆ ಸರಿಯಾಗಿ ಸಂಪರ್ಕ ಸಿಗದಿದ್ದರೂ ಒಂದು ಬಿಟ್ಟು ಒಂದು ಅಕ್ಷರ ಕೆಡುತ್ತ ಹೋಗುತ್ತದೆ. ಇಂಗ್ಲಿಷಿನ 'ಎ' ಹೋಗಿ 'ಸಿ' ಆಗಲು ಒಂದು ಬಿಟ್ ವ್ಯತ್ಯಾಸ ಸಾಕು. ಅಂದರೆ ಡಿಸ್ಕು ತನ್ನ ಹೆಸರನ್ನು ಸರಿಯಾಗಿಯೇ ಹೇಳುತ್ತಿದೆ, ದಾರಿಯಲ್ಲಿ ಒಂದು ತಂತಿ ತೊದಲುತ್ತಿದೆ.

ಮರುದಿನ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅದರ ಸರ್ಕಾರಿ ಹೆಸರು ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ. 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಜನರ ಬಾಯಿಂದ ಇನ್ನೂ ಹೋಗಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಿಗುವ ಆ ರಸ್ತೆಯಲ್ಲಿ ಹೊಸದಕ್ಕಿಂತ ಹಳೆಯದನ್ನು ಹುಡುಕುವುದು ನನಗಿಷ್ಟ. ಮೂರು ಅಂಗಡಿಯಲ್ಲಿ ಇಲ್ಲವೆಂದರು. ನಾಲ್ಕನೆಯದರಲ್ಲಿ ಒಬ್ಬ ಹಿರಿಯರು ಏಣಿ ಹತ್ತಿ, ಮಾಳಿಗೆಯ ಗೋಣಿಯಿಂದ ಒಂದು ಕೇಬಲ್ಲು ತೆಗೆದು, ಧೂಳು ಕೊಡವಿ, ಎರಡೂ ತುದಿ ಕಣ್ಣಿಗೆ ಹಿಡಿದು ನೋಡಿ ಕೊಟ್ಟರು. ನಲವತ್ತು ಪಿನ್ನಿಗೆ ಎಂಬತ್ತು ತಂತಿ. ಸಂಕೇತ ಒಯ್ಯುವ ಎರಡು ತಂತಿಗಳ ಮಾತು ಒಂದಕ್ಕೊಂದು ಕೇಳಿಸದಿರಲಿ ಎಂದು ನಡುವೆ ಒಂದೊಂದು ಮೌನದ ತಂತಿ ಹೊಲಿದಿರುತ್ತಾರೆ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಡಿಸ್ಕಿಗೆ, ಕೆಂಪು ಗೆರೆ ಒಂದನೆಯ ಪಿನ್ನಿನ ಕಡೆಗೆ.

ಇದೇ ಕೇಬಲ್ಲಿನ ನಡುವಿನ ಬೂದು ಕೊಂಡಿಗೆ ಸೀಡಿ ಡ್ರೈವು ಸಿಕ್ಕಿಸಿರುತ್ತಾರೆ. ಒಂದು ಕೇಬಲ್ಲಿನ ಮೇಲೆ ಇಬ್ಬರಿದ್ದಾಗ ಒಬ್ಬರು ಮಾಸ್ಟರ್, ಇನ್ನೊಬ್ಬರು ಸ್ಲೇವ್ ಎಂದು ಗುರುತಿಸಲು ಅಕ್ಕಿಕಾಳಿನಷ್ಟು ಸಣ್ಣ ಜಂಪರ್ ಇರುತ್ತದೆ. ಇಬ್ಬರೂ ಮಾಸ್ಟರ್ ಎಂದು ಕೂತರೆ ಯಂತ್ರಕ್ಕೆ ಇಬ್ಬರೂ ಕಾಣದೆ ಹೋಗಬಹುದು. ಸಂಶಯ ಬೇಡವೆಂದು ಸೀಡಿ ಡ್ರೈವನ್ನು ಪೂರ್ತಿ ಬಿಡಿಸಿಟ್ಟೆ. ಡಿಸ್ಕಿನ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಹೊಸ ಕೇಬಲ್ಲು ಹಾಕಿ, ಗುಂಡಿ ಒತ್ತಿದೆ. ಡಿಸ್ಕಿನ ಹೆಸರು ಅಕ್ಷರ ತಪ್ಪದೆ ಬಂತು.

ಇಲ್ಲಿ ಎಲ್ಲರೂ ಆತುರ ಪಡುತ್ತಾರೆ. ವಿಂಡೋಸ್ ತೆರೆದು, ಕಡತ ತೆರೆದು ನೋಡಿಬಿಡೋಣ ಅನ್ನಿಸುತ್ತದೆ. ನಾನು ಯಂತ್ರವನ್ನು ಅಲ್ಲೇ ಆರಿಸಿದೆ. ಅಷ್ಟು ವರ್ಷ ಮಲಗಿದ್ದ ಡಿಸ್ಕು ಇನ್ನೆಷ್ಟು ಹೊತ್ತು ತಿರುಗೀತು ಎಂದು ಯಾರೂ ಹೇಳಲಾರರು. ತಿರುಗುವ ಪ್ರತಿ ನಿಮಿಷವೂ ನಕಲು ತೆಗೆಯುವುದಕ್ಕೇ ಖರ್ಚಾಗಬೇಕು. ವಿಂಡೋಸ್ ತೆರೆದರೆ ಅದು ತನ್ನ ಪಾಡಿಗೆ ಡಿಸ್ಕಿನ ಮೇಲೆ ಬರೆಯಲು ಶುರುಮಾಡುತ್ತದೆ, ಅದೂ ಅಪಾಯ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚಿದೆ. ಅದರ ಕ್ರಮ ನನಗೆ ತುಂಬ ಮೆಚ್ಚಿಗೆ. ಓದಲು ಸುಲಭವಾದ ಭಾಗವನ್ನೆಲ್ಲ ಮೊದಲು ನಕಲು ಮಾಡಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಅಲ್ಲಿ ತಲೆ ಚಚ್ಚಿಕೊಳ್ಳದೆ, ಗುರುತು ಹಾಕಿ ದಾಟಿ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಹಿಂದಕ್ಕೆ ಬಂದು ಆ ಕೆಟ್ಟ ಜಾಗಗಳನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೆರೆಯುತ್ತದೆ. ಆರೋಗ್ಯವಂತ ಡಿಸ್ಕಾದರೆ 40 ಗಿಗಾಬೈಟಿಗೆ ಅರ್ಧ ಗಂಟೆ ಸಾಕು. ಇದಕ್ಕೆ ಒಂದು ಇಡೀ ರಾತ್ರಿ ಹಿಡಿಯಿತು. ಬೆಳಗಿನ ಮೊದಲ ಲೋಕಲ್ ಓಡುವ ಹೊತ್ತಿಗೆ ಉಳಿದದ್ದು ಕೆಲವೇ ಕಿಲೋಬೈಟು.

ಡಿಸ್ಕು ಟಕ್, ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ ಮಾತ್ರ ಇದಾವುದನ್ನೂ ಮಾಡಬೇಡಿ. ಅದು ಒಳಗಿನ ಮುಳ್ಳು ದಾರಿ ತಪ್ಪಿದ ಸದ್ದು, ಪ್ರಯೋಗಾಲಯದ ಕೆಲಸ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಮುಂಬಯಿಯ ತೇವದಲ್ಲಿ ತಣ್ಣಗಿನ ಡಿಸ್ಕನ್ನು ಹೊರಗೆ ತೆಗೆದರೆ ಒಳಗೂ ಹೊರಗೂ ಬೆವರುತ್ತದೆ. 2005ರ ತಪ್ಪನ್ನೇ ಬೇರೆ ದಾರಿಯಲ್ಲಿ ಮಾಡಿದ ಹಾಗೆ.

ಇನ್ನು ಕೆಲವರು ಹಳೇ ಯಂತ್ರಕ್ಕೆ ಹೊಸ, ದೊಡ್ಡ ಡಿಸ್ಕು ಹಾಕಿ ಕಾಣಿಸುತ್ತಿಲ್ಲ ಎಂದು ನನ್ನನ್ನು ಕೇಳುತ್ತಾರೆ. ಅದು ಎಣಿಕೆಯ ಮಿತಿ. ಮೊದಲ ಕಾಲದ ಯಂತ್ರಗಳಿಗೆ 528 ಮೆಗಾಬೈಟಿನಾಚೆ ಎಣಿಸಲು ಬರುತ್ತಿರಲಿಲ್ಲ, ಆಮೇಲೆ 8.4 ಗಿಗಾಬೈಟು, ಅದಾದ ಮೇಲೆ 137. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊತ್ತಮೊದಲ ಡಿಸ್ಕು ಎರಡಡಿ ಅಗಲದ ಐವತ್ತು ತಟ್ಟೆಗಳನ್ನು ಹೊತ್ತು ಬರೇ ಐವತ್ತು ಲಕ್ಷ ಅಕ್ಷರ ಹಿಡಿಯುತ್ತಿತ್ತು. ಆಗ ಇಷ್ಟು ಸಾಕು ಎಂದುಕೊಂಡವರನ್ನು ದೂರುವಂತಿಲ್ಲ.

ನಕಲಿನಿಂದ ಮಾಷ್ಟ್ರ ಮೊದಲ ಕಡತ ತೆರೆದೆ. ಕನ್ನಡವೇ ಇರಲಿಲ್ಲ. ಪುಟದ ತುಂಬ ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹೊತ್ತ 'ಎ'ಗಳು, ಜರ್ಮನರ ಅಕ್ಷರ. ಅಮ್ಮನ ಮುಖ ಬಾಡಿತು. "ಹಾಳಾಯ್ತಾ ಮಾಣಿ?" ಎಂದರು.

ಹಾಳಾಗಿರಲಿಲ್ಲ. ಇದು ಡಿಸ್ಕಿನ ಗುರುತು ತಪ್ಪಿದ್ದಲ್ಲ, ಕನ್ನಡದ ಗುರುತು ತಪ್ಪಿದ್ದು. ಕಂಪ್ಯೂಟರಿನಲ್ಲಿ ಕನ್ನಡ ಬರೆದ ಮೊದಲ ತಲೆಮಾರಿನ ಬಹುಪಾಲು ಬರಹದ ಕತೆ ಇದೇ. ಎಲ್ಲ ಭಾಷೆಗಳ ಅಕ್ಷರಗಳಿಗೂ ಮನೆ ಕೊಡುವ ಯುನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಪುಟ ಕಟ್ಟುವ ತಂತ್ರಾಂಶಗಳಿಗೆ ಅದು ಒಗ್ಗಲು ಬಹಳ ಕಾಲ ಬೇಕಾಯಿತು. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂದು ನಾವು ಬಳಸಿದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದವು. ಮಾಷ್ಟ್ರು ಬಳಸಿದ್ದು ಹೆಚ್ಚಾಗಿ ನುಡಿ. ಬೆರಳಿಗೆ ರೂಢಿಯಾಗಿದ್ದದ್ದು ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ. ಆ ರಾಯರೂ ಮಂಗಳೂರಿನ ಹತ್ತಿರದ ಕಿನ್ನಿಕಂಬಳದಿಂದ ಬಂದು ಮುಂಬಯಿಯಲ್ಲಿ ದುಡಿದವರು. ನುಡಿಯಲ್ಲಿ 'ಕನ್ನಡ' ಎಂದು ಬರೆದರೆ ಕಡತದಲ್ಲಿ ಕೂರುವುದು ಇಂಗ್ಲಿಷಿನ 'ಪಿ', ಗೀಟಿನ 'ಎ', ಪೌಂಡಿನ ಗುರುತು, ಮತ್ತೆ ಗೀಟಿನ 'ಎ', ಜರ್ಮನರ ಅಕ್ಷರ, 'ಕ್ಯೂ', ಮತ್ತೆ ಗೀಟಿನ 'ಎ'. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಂತೆ.

ನುಡಿಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅವುಗಳ ಕೆಲಸ ಸುಲಭದ್ದಲ್ಲ. ಆ ಸಂಕೇತದಲ್ಲಿ 'ಮ' ಎಂಬುದಕ್ಕೆ ಸ್ವಂತ ಮನೆಯೇ ಇಲ್ಲ, 'ವ'ಕ್ಕೆ ಒಂದು ಬಾಲ ಅಂಟಿಸಿದ್ದೇ 'ಮ'. ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ಅದು ಬಾಯಿಗೆ ಬರುವ ಕ್ರಮದಲ್ಲಿ ಮುಂಚೆ ಬರಬೇಕು. 'ಧರ್ಮ' ಎಂಬಲ್ಲಿ ಕೊನೆಯಲ್ಲಿ ನೇತಾಡುವ ಆ ಗುರುತನ್ನು ಹಿಡಿದು 'ಮ'ಕ್ಕಿಂತ ಮುಂಚಿನ ಜಾಗಕ್ಕೆ ದಾಟಿಸಬೇಕು. ದಾಟಿಸದಿದ್ದರೆ ಪದ ಕೆಡುತ್ತದೆ.

ಪರಿವರ್ತಿಸಿದ ಮೊದಲ ಕಡತವನ್ನು ನಾನೇ ಓದಿ ಹೇಳಿದೆ, ಅಮ್ಮನ ಕಣ್ಣಿಗೆ ಈಗ ಪರದೆ ಕಾಣುವುದಿಲ್ಲ. ಬಾರ್ಕೂರಿನಿಂದ ಹನ್ನೆರಡನೇ ವಯಸ್ಸಿಗೆ ಬಂದ ಒಬ್ಬ ಹುಡುಗನ ಮಾತು ಅದು. ಮೊದಲ ತಿಂಗಳು ಹೋಟೆಲಿನ ಮಸಾಲೆ ರುಬ್ಬುವ ಕಲ್ಲಿನ ಪಕ್ಕದಲ್ಲೇ ಮಲಗುತ್ತಿದ್ದನಂತೆ, ಬೇಸಗೆಯಲ್ಲಿ ಕಲ್ಲು ತಣ್ಣಗಿರುತ್ತದೆ ಎಂದು. ಒಂದು ಕಡೆ ಅರ್ಕಾವೊತ್ತು ತಪ್ಪಿ ಕೂತು ಪದ ನನ್ನ ಬಾಯಲ್ಲಿ ಎಡವಿತು. ಅಮ್ಮ ತಡೆದು ಸರಿಯಾದ ಪದ ಹೇಳಿದರು. ಇನ್ನೊಂದು ಕಡೆಯೂ ಹಾಗೇ ಆಯಿತು, ಅಲ್ಲೂ ಹೇಳಿದರು. ನೋಡಿದರೆ, ಮಾಷ್ಟ್ರು ಟೈಪು ಮಾಡಿದ್ದನ್ನೆಲ್ಲ ಆಗಲೇ ರಾತ್ರಿ ಊಟವಾದ ಮೇಲೆ ಅವರಿಗೆ ಓದಿ ಹೇಳುತ್ತಿದ್ದರಂತೆ. ಅಲ್ಲಿಂದ ಮುಂದೆ ಪ್ರತಿ ಕಡತವನ್ನೂ ಅವರೆದುರು ಓದಿಯೇ ತಿದ್ದುತ್ತಿದ್ದೇನೆ. ನೂರಾ ನಲವತ್ತು ಕಡತಗಳಲ್ಲಿ ತೊಂಬತ್ತು ಮುಗಿದಿವೆ. ಮೂರು ಬೇರೆ ಬೇರೆ ಕಡೆ ನಕಲು ಇಟ್ಟಿದ್ದೇನೆ, ಒಂದು ನೆಲಮಹಡಿಯಿಂದ ದೂರ, ಮುಲುಂಡಿನ ಏಳನೇ ಮಹಡಿಯಲ್ಲಿ.

ಗಣೇಶನ ಹಬ್ಬಕ್ಕೆ ಮನೆ ಗುಡಿಸುವಾಗ ಮಾಳಿಗೆಯ ಮೇಲಿನ ಹಳೇ ಕಂಪ್ಯೂಟರು ಭಂಗಾರ್‌ವಾಲಾನ ಗಾಡಿ ಏರುವ ಮೊದಲು, ಅದರಲ್ಲಿ ಸಂಘದ ವರದಿಯೋ, ತಂದೆಯ ಪತ್ರವೋ, ನಾಟಕದ ಪ್ರತಿಯೋ ಇದೆಯೇ ಎಂದು ಯಾರನ್ನಾದರೂ ಕೇಳಿ. ಏನೂ ತಿಳಿಯದಿದ್ದರೆ ಡಿಸ್ಕನ್ನು ಮಾತ್ರ ಬಿಚ್ಚಿ ಒಣ ಡಬ್ಬದಲ್ಲಿಡಿ.

ಮಾಷ್ಟ್ರ ಕಡತಗಳಲ್ಲಿ ಹನ್ನೊಂದು ಇನ್ನೂ ತೆರೆದುಕೊಂಡಿಲ್ಲ. ಅವು ನುಡಿಯವಲ್ಲ, ಯಾವುದೋ ಹಳೇ ಡಿಟಿಪಿ ಫಾಂಟಿನವು, ಅದರ ಸಂಕೇತವೇ ಬೇರೆ. ತೊಂಬತ್ತರ ದಶಕದಲ್ಲಿ ಮುಂಬಯಿಯ ಕನ್ನಡ ಮುದ್ರಣಾಲಯಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ನಿಮ್ಮ ಕಪಾಟಿನಲ್ಲಿ ಆ ಕಾಲದ ಫಾಂಟಿನ ಫ್ಲಾಪಿಗಳು ಉಳಿದಿದ್ದರೆ, ಎಸೆಯಬೇಡಿ. ಆ ಹನ್ನೊಂದರಲ್ಲಿ ಏನಿದೆ ಎಂದು ಅಮ್ಮನನ್ನು ಕೇಳಿದೆ. ಅವುಗಳಲ್ಲಿ ಮಾಷ್ಟ್ರು ತಮ್ಮ ಮಾತನ್ನೇ ಬರೆದುಕೊಂಡಿದ್ದರಂತೆ. ಅದೊಂದನ್ನು ಮಾತ್ರ ಅವರಿಗೆ ಓದಿ ಹೇಳಿರಲಿಲ್ಲವಂತೆ.